ಕ್ರಾಗ್‌ಡೇಲಿನ ಒಂಬತ್ತು ಕುರ್ಚಿಗಳು

ಹಳೆಯ ರೈಲುದಾರಿಯಲ್ಲಿ ಸಂಬಳವಿಲ್ಲದೆ ಹಳಿ ಕೆಲಸ ಮಾಡುವ ಬುಧವಾರದ ಗ್ಯಾಂಗಿನವರು ಟೀ ಕುಡಿಯುವುದನ್ನು ನೋಡಿದರೇ ಲಯನಲ್ ಥ್ವೇಟ್ಸನಿಗೆ ಮೈಯೆಲ್ಲ ಉರಿಯುತ್ತಿತ್ತು. ಇಪ್ಪತ್ತೇಳು ವರ್ಷದಿಂದ ಉರಿಯುತ್ತಲೇ ಇತ್ತು. ಆದರೂ ಪ್ರತಿ ಬುಧವಾರ ಒಂಬತ್ತೂವರೆಗೆ ಸರಿಯಾಗಿ ಬಂದು, ಅವರು ಹಳೆಯ ಗೂಡ್ಸ್ ಡಬ್ಬಿಯೊಂದನ್ನೇ ಟೀ ಕೋಣೆ ಮಾಡಿಕೊಂಡಿದ್ದ ಆ ಜಾಗದಲ್ಲಿ, ಬಾಗಿಲ ಪಕ್ಕ ತನ್ನದೇ ಮಡಚುವ ಸ್ಟೂಲು ಹಾಕಿ ಕೂತು ಉರಿಸಿಕೊಳ್ಳುತ್ತಿದ್ದ. ಹಲ್ಲಿನ ಡಾಕ್ಟರಾಗಿ ನಿವೃತ್ತನಾದ ಡಂಕನ್ ಶುಂಠಿ ಬಿಸ್ಕತ್ತನ್ನು ಲೋಟದಲ್ಲಿ ಅದ್ದಿ, ಅದು ಮುರಿದು ತಳ ಸೇರಿದ್ದನ್ನು ಸ್ಕ್ರೂಡ್ರೈವರಿನಿಂದ ಎತ್ತಿ ತಿನ್ನುತ್ತಿದ್ದ. ಅರ್ಧ ಊರಿನ ಬಾಯಿಗೆ ಕೈ ಹಾಕಿದ ಮನುಷ್ಯ, ತನ್ನ ಬಾಯಿಗೆ ಏನು ಹೋಗುತ್ತೆ ಅಂತ ನೋಡುತ್ತಿರಲಿಲ್ಲ. ಉಳಿದವರದು ಮಂಡಿನೋವಿನ ಮಾತು. ಯಾರ ಮಂಡಿ ಕಬ್ಬಿಣದ್ದು, ಯಾರದು ಪ್ಲಾಸ್ಟಿಕ್ಕಿನದು, ಯಾರದು ಮುಂದಿನ ತಿಂಗಳು. ಇವರೆಲ್ಲ ರೈಲು ಅಂದರೆ ಪ್ರಾಣ ಅನ್ನುವವರು. ಎಂಜಿನ್ನು ಹೊಗೆ ಬಿಟ್ಟರೆ ಕಣ್ಣಲ್ಲಿ ನೀರು ತಂದುಕೊಳ್ಳುವವರು. ತಾವು ತುಳಿದು ಓಡಾಡುವ ಹಳಿಯ ಮೇಲೆ ಏನು ಬರೆದಿದೆ ಅಂತ ಬಗ್ಗಿ ನೋಡಿದವನು ಇವರಲ್ಲಿ ಒಬ್ಬನೂ ಇಲ್ಲ. ಲಯನಲ್ ಇವತ್ತು ಟೈ ಕಟ್ಟಿಕೊಂಡು ಬಂದಿದ್ದ. ಯಾರೂ ಗಮನಿಸಿದ ಹಾಗೆ ಕಾಣಲಿಲ್ಲ ಅಂತ ಬೇಜಾರು ಮಾಡಿಕೊಳ್ಳುವಷ್ಟರಲ್ಲಿ ಮೂಲೆಯಿಂದ ಈನಾಕ್ ಸಗ್ಡನ್ ಬಾಯಿ ಬಿಟ್ಟ. "ಏನ್ ಸಾರ್, ಕೋರ್ಟಿಗೋ, ಮದುವೆಗೋ?" ಎಲ್ಲರೂ ನಕ್ಕರು. ಗಮನಿಸದಿದ್ದರೇ ಚೆನ್ನಾಗಿತ್ತು.

ಈನಾಕನಿಗೆ ಎಂಬತ್ತನಾಲ್ಕು. ಸರ್ಕಾರದ ರೈಲಿನಲ್ಲಿ ಹಳಿ ಕೆಲಸ ಮಾಡಿ, ಸರ್ಕಾರ ಈ ದಾರಿಯನ್ನು ಮುಚ್ಚಿದ ಮೇಲೆ ಹವ್ಯಾಸಿಗಳು ಅದನ್ನು ಎಬ್ಬಿಸಿ ನಾಲ್ಕೂವರೆ ಮೈಲಿ ಓಡಿಸತೊಡಗಿದಾಗ ಮತ್ತೆ ಅದೇ ಸುತ್ತಿಗೆ ಹಿಡಿದು ಬಂದವನು. ಎಲ್ಲರನ್ನೂ ಹೆಸರು ಹಿಡಿದು ಕರೆಯುವ ಈನಾಕ್ ಲಯನಲ್ ಒಬ್ಬನನ್ನು ಮಾತ್ರ ಸಾರ್ ಅನ್ನುತ್ತಿದ್ದ. ಅದು ಮರ್ಯಾದೆಯೋ ಗೇಲಿಯೋ ಅನ್ನುವುದು ಇಪ್ಪತ್ತೇಳು ವರ್ಷದಲ್ಲಿ ಗೊತ್ತಾಗಿರಲಿಲ್ಲ. ಗೊತ್ತು ಮಾಡಿಕೊಳ್ಳಬೇಕಾದರೆ ಅವನ ಜೊತೆ ಮಾತಾಡಬೇಕಿತ್ತು. ಅದು ಲಯನಲ್‌ಗೆ ಬೇಕಾಗಿರಲಿಲ್ಲ.

ಹನ್ನೊಂದೂ ಇಪ್ಪತ್ತರ ಗಾಡಿಗೆ ಜಿಲ್ಲಾ ಮ್ಯೂಸಿಯಮ್ಮಿನ ಹೆಂಗಸು ಬರುತ್ತಿದ್ದಳು. ಫಿಲಿಪಾ ಕ್ರೋಶಾ ಅಂತ ಹೆಸರು, ಮೂರು ಕಾಗದ ಬರೆದಿದ್ದಳು. ಮೂರನ್ನೂ ಲಯನಲ್ ಕೋಟಿನ ಒಳಜೇಬಿನಲ್ಲಿ ಇಟ್ಟುಕೊಂಡಿದ್ದ. ಹಳಿಗೂ ಅದರ ಕೆಳಗಿನ ಮರದ ದಿಮ್ಮಿಗೂ ನಡುವೆ ಕೂತು ಹಳಿಯನ್ನು ಹಿಡಿದುಕೊಳ್ಳುವ ಎರಕದ ಕಬ್ಬಿಣದ ತುಂಡಿಗೆ ರೈಲಿನವರು ಕುರ್ಚಿ ಅನ್ನುತ್ತಾರೆ. ಅದರ ಮೈಮೇಲೆ ಕಂಪನಿಯ ಅಕ್ಷರ, ಎರಕ ಹೊಯ್ದ ವರ್ಷ. ಕ್ರಾಗ್‌ಡೇಲ್ ಸ್ಟೇಷನ್ನಿನ ಪಕ್ಕದ ಹಳಿಯಲ್ಲಿ, ಪ್ಲಾಟ್‌ಫಾರಂ ಕಡೆಯ ಅಂಚಿನಲ್ಲಿ, ಸಾಲಾಗಿ ಒಂಬತ್ತು ಕುರ್ಚಿಗಳ ಮೇಲೆ 1868 ಅಂತಿತ್ತು. ದಾರಿ ತೆರೆದ ವರ್ಷ ಅದೇ. ಈ ಕಂಪನಿ ಕೊಂಡದ್ದು, ಆ ಕಂಪನಿ ಕಿತ್ತದ್ದು, ಮೂರು ಕಡೆ ಸವೆದು ನಾಲ್ಕನೇ ಕಡೆಗೆ ಬಂದದ್ದು, ಹೀಗೆ ಕಲಸುಮೇಲೋಗರವಾದ ಹಳೆ ಹಳಿಗಳ ನಡುವೆ, ಹಾಕಿದ ಜಾಗದಲ್ಲೇ ಕದಲದೆ ಕೂತ ಒಂಬತ್ತು. ಇದನ್ನು ಕಂಡುಹಿಡಿದವನು ಲಯನಲ್. ಮೂರು ಬೇಸಿಗೆ ತಂತಿ ಬ್ರಷ್ಷು, ಸೀಮೆಸುಣ್ಣ, ಟೇಪು ಹಿಡಿದು ಮಂಡಿಯೂರಿ ನಾಲ್ಕೂವರೆ ಮೈಲಿಯ ಒಂದೊಂದು ಕುರ್ಚಿಯನ್ನೂ ಓದಿ, ನಲವತ್ತನಾಲ್ಕು ಪುಟದ ಪುಸ್ತಕ ಬರೆದಿದ್ದ. ಅದು ಸ್ಟೇಷನ್ನಿನ ಅಂಗಡಿಯಲ್ಲಿ ಮಿಠಾಯಿ ಡಬ್ಬಗಳ ಹಿಂದೆ ಇರುತ್ತಿತ್ತು. ಜಾಗವೇ ಸಾಕ್ಷಿ ಅಂತ ಅದರ ಮೊದಲ ಸಾಲು. ಈಗ ಎರಡು ಕುರ್ಚಿಯನ್ನು ಮ್ಯೂಸಿಯಮ್ಮು ಗಾಜಿನ ಪೆಟ್ಟಿಗೆಯಲ್ಲಿ ಇಡುತ್ತೆ, ಪಕ್ಕದ ಚೀಟಿಯಲ್ಲಿ ಶೋಧಕರ ಹೆಸರು ಇರುತ್ತೆ ಅಂತ ಮೂರನೇ ಕಾಗದದಲ್ಲಿತ್ತು. ಲಯನಲ್ ಥ್ವೇಟ್ಸ್. ಎಪ್ಪತ್ತೊಂದು ವರ್ಷದಲ್ಲಿ ಆ ಹೆಸರು ಯಾವ ಗಾಜಿನ ಹಿಂದೆಯೂ ಬಂದಿರಲಿಲ್ಲ.

ಕೌನ್ಸಿಲ್ಲಿನ ರಸ್ತೆ ಕಚೇರಿಯಲ್ಲಿ ಮೂವತ್ತೆರಡು ವರ್ಷ ನಕ್ಷೆ ಬರೆದವನು. ಗಿಲ್ ಹಳ್ಳದ ಮೋರಿಯ ನಕ್ಷೆ ಅವನದೇ. ಅದರ ಕಮಾನಿನ ಗೆರೆ ಎಳೆಯಲು ಹದಿನಾರು ದಿನ ತೆಗೆದುಕೊಂಡಿದ್ದ. ಉದ್ಘಾಟನೆಯ ದಿನ ಕಲ್ಲಿನ ಮೇಲೆ ಇದ್ದದ್ದು ಮೇಲಧಿಕಾರಿಯ ಹೆಸರು, ನಾಲ್ಕು ಜನ ಸದಸ್ಯರ ಹೆಸರು, ಕಂಟ್ರಾಕ್ಟರನ ಹೆಸರು. ಲಯನಲ್ ಹಿಂದಿನ ಸಾಲಲ್ಲಿ ನಿಂತು ಚಪ್ಪಾಳೆ ತಟ್ಟಿದ್ದ. ತಟ್ಟಿದ ಕೈ ಆಮೇಲೆ ಎಷ್ಟೋ ದಿನ ತನ್ನದಲ್ಲ ಅನ್ನಿಸುತ್ತಿತ್ತು. ಬೆಳಿಗ್ಗೆ ಹೆಂಡತಿ ವಿನಿಫ್ರೆಡ್ ಟೈ ಸರಿಮಾಡುತ್ತ, "ಅಂತೂ ನಿನ್ನ ಕಬ್ಬಿಣಕ್ಕೆ ಗಂಡು ಸಿಕ್ತು ಬಿಡು" ಅಂದಿದ್ದಳು. ಅವಳೂ ಪುಸ್ತಕ ಓದಿರಲಿಲ್ಲ. ಓದಿದೆ ಅಂತ ಹೇಳಿದ್ದಳು, ಹನ್ನೆರಡನೇ ಪುಟದಲ್ಲಿ ಅವನು ಬೇಕೆಂದೇ ಇಟ್ಟಿದ್ದ ಕೂದಲೆಳೆ ಹಾಗೇ ಇತ್ತು. ಹೆಂಡತಿಯ ಮೇಲೆ ಕೂದಲೆಳೆ ಇಟ್ಟು ಕಾಯುವ ಗಂಡಸು ಎಂಥವನು ಅನ್ನುವ ಪ್ರಶ್ನೆ ಆಗಾಗ ಬರುತ್ತಿತ್ತು. ಬಂದಾಗ ಅವನು ಎದ್ದುಹೋಗಿ ಮೂಗು ಒರೆಸಿಕೊಳ್ಳುತ್ತಿದ್ದ.

ಹತ್ತೂಕಾಲಿಗೆ ಈನಾಕನೂ ಅವನೂ ಪಕ್ಕದ ಹಳಿಗೆ ಹೋದರು. ಆಕೆ ಬರುವುದರೊಳಗೆ ಎರಡು ಕುರ್ಚಿ ಬಿಚ್ಚಿಟ್ಟಿರಬೇಕಿತ್ತು. ಈನಾಕ್ ಹಳಿಯನ್ನು ಕುರ್ಚಿಗೆ ಬಿಗಿದಿದ್ದ ಓಕ್ ಮರದ ಬೆಣೆಗಳನ್ನು ಎರಡೇ ಏಟಿಗೆ ಹಾರಿಸಿ, ಜಾಕಿ ಕೊಟ್ಟು ಹಳಿಯನ್ನು ಒಂದು ಬೆರಳಷ್ಟು ಎತ್ತಿ, ಉದ್ದನೆಯ ಸ್ಪ್ಯಾನರಿನಿಂದ ತಿರುಪುಗಳನ್ನು ಬಿಚ್ಚತೊಡಗಿದ. ಬಾಯಲ್ಲಿ ಸಿಳ್ಳೆ. ಇಂಥ ಕೆಲಸಕ್ಕೆ ಸಿಳ್ಳೆ ಹಾಕುವವನ ಬಗ್ಗೆ ಲಯನಲ್‌ಗೆ ಅಸಹ್ಯವಾಯಿತು. ನೂರೈವತ್ತು ವರ್ಷ ಯಾರ ಕೈಯೂ ಮುಟ್ಟದ ತಿರುಪು ಎಷ್ಟು ಕಿರುಗುಟ್ಟಬೇಕು, ಬರೆದುಕೊಳ್ಳೋಣ ಅಂತ ನೋಟ್‌ಬುಕ್ ತೆಗೆದ. ತಿರುಪು ಕಿರುಗುಟ್ಟಲಿಲ್ಲ. ಬೆಣ್ಣೆಯಿಂದ ಬಂದ ಹಾಗೆ ಬಂತು. ಈನಾಕ್ ಕುರ್ಚಿಯನ್ನು ಪಕ್ಕಕ್ಕೆ ಜಾರಿಸಿದ. ಅದರ ಕೆಳಗೆ, ದಿಮ್ಮಿಯ ಮೇಲೆ, ಚೌಕಾಕಾರದ ನೀಲಿ ಪ್ಲಾಸ್ಟಿಕ್ಕು ಅಂಟಿಕೊಂಡಿತ್ತು. ಅದರ ಮೇಲೆ ಒಂದು ಕುರಿಯ ತಲೆಯ ಚಿತ್ರ, ಅರ್ಧ.

"ಏನಿದು?" ಅಂದ ಲಯನಲ್.

"ಚೀಲ."

"ಯಾವ ಚೀಲ?"

"ಕುರಿ ಮೇವಿಂದು. ದಿಮ್ಮಿ ಒಂಚೂರು ತಗ್ಗು ಬಿದ್ದಿತ್ತು, ಕತ್ತರಿಸಿ ಕೆಳಗೆ ಕೊಟ್ವಿ. ಒಳ್ಳೆ ಚೀಲ ಕಣ್ರೀ, ನೋಡಿ, ಇನ್ನೂ ಹೆಂಗಿದೆ." ಈನಾಕ್ ಅದನ್ನು ಎರಡು ಬೆರಳಲ್ಲಿ ಸುಲಿದು ಬೆಳಕಿಗೆ ಹಿಡಿದ. ಆಮೇಲೆ ಲಯನಲ್ ಮುಖ ನೋಡಿದ. ಸಿಳ್ಳೆ ನಿಂತಿತು. "ಅಯ್ಯೋ. ನಿಮಗೆ ಗೊತ್ತಿರುತ್ತೆ ಅಂದ್ಕೊಂಡಿದ್ದೆ."

"ಯಾವಾಗ ಹಾಕಿದ್ದು?"

"ನೀವು ಸೇರೋಕೆ ಮುಂಚಿನ ಚಳಿಗಾಲ. ಪ್ಲಾಟ್‌ಫಾರಂ ಕಡೆ ನೋಡೋಕೆ ಚೆನ್ನಾಗಿರೋದನ್ನ ಹಾಕ್ತೀವಲ್ಲ, ಜನ ಓದ್ತಾರೆ ಅಂತ. ಹಳೇ ವರ್ಷದ್ದೆಲ್ಲ ಮುಂದಕ್ಕೆ, ಹೊಸದೆಲ್ಲ ಸೇತುವೆ ಆಚೆಗೆ. ನಾಲ್ಕು ಕುರ್ಚಿ ಕಲ್ಲಿದ್ದಲಿನ ಅಂಗಳದಲ್ಲಿ ಬಿದ್ದಿದ್ವು. ಎರಡನ್ನ ಒಬ್ಬ ರೈತ ಗೇಟಿಗೆ ಒತ್ತು ಕೊಟ್ಟಿದ್ದ. ಒಂದು ಪಬ್ಬಿನ ಬಾಗಿಲಿಗೆ."

"ಏಳಾಯಿತು" ಅಂದ ಲಯನಲ್. ಈ ಗಳಿಗೆಯಲ್ಲೂ ಎಣಿಸಿದೆನಲ್ಲ ಅಂತ ತನ್ನ ಮೇಲೇ ಹೇಸಿಗೆಯಾಯಿತು.

"ಇನ್ನೆರಡು ನೆನಪಿಲ್ಲ ಸಾರ್."

ಗೊತ್ತಿರಬೇಕಿತ್ತು. ಹವ್ಯಾಸಿಗಳ ಇಂಥ ರೈಲುದಾರಿಯಲ್ಲಿ ಒಂದು ತಿಂಗಳು ಟೀ ಕುಡಿದವನಿಗೂ ಗೊತ್ತಿರುವ ಸಂಗತಿ. ಎಲ್ಲ ಕಡೆ ಎಲ್ಲ ಗ್ಯಾಂಗಿನವರೂ ಮಾಡುವುದೇ ಇದು. ಮನೆಯಲ್ಲಿ ಒಳ್ಳೆಯ ತಟ್ಟೆಯನ್ನು ಶೋಕೇಸಿನ ಮುಂದಿನ ಸಾಲಿಗೆ ಇಡುವ ಹಾಗೆ ಹಳೆಯ ಕುರ್ಚಿಯನ್ನು ಪ್ಲಾಟ್‌ಫಾರಂ ಮುಂದೆ ಹಾಕುತ್ತಾರೆ. ಇಂಥ ಬೇರೆ ರೈಲುದಾರಿಗಳಿಗೆ ಹೋದಾಗ ಲಯನಲ್ಲೇ ಇದನ್ನು ಕಂಡಿದ್ದ, ಮೂರ್ಖರ ಶೃಂಗಾರ ಅಂತ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದ. ಎರಡು ಸಲ ಗೆರೆಯನ್ನೂ ಎಳೆದಿದ್ದ. ತನ್ನ ಒಂಬತ್ತು ಮಾತ್ರ ಬೇರೆ. ಅವು ಅವನು ಬರುವ ತನಕ ನೂರಿಪ್ಪತ್ತಮೂರು ವರ್ಷ ಕಾದು ಕೂತಿದ್ದವು. ಅವನಿಗೆ ವಿಲ್ಫ್ ಡಾಕ್ರೆಯ ಟೋಪಿ ನೆನಪಾಯಿತು. ಕಂದು ಬಣ್ಣದ ಉಣ್ಣೆಯ ಟೋಪಿ. ವಾರ್ಷಿಕ ಸಭೆಯಲ್ಲಿ ಡಾಕ್ರೆ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದ. ಪುಸ್ತಕ ಬಂದ ವರ್ಷ ಅದು. ಡಾಕ್ರೆ ನಿವೃತ್ತ ಪೋಸ್ಟ್‌ಮ್ಯಾನ್, ಮೆಲುದನಿಯ ಮನುಷ್ಯ. ಆ ಒಂಬತ್ತರ ಬೆಣೆಗಳು ನಾನು ಬಂದಾಗ ಇನ್ನೂ ಹಸಿ ಮರದ ಬಣ್ಣದಲ್ಲಿದ್ದವು, ಇನ್ನೊಮ್ಮೆ ನೋಡಬೇಕೇನೋ ಅಂತ ವಿನಯದಿಂದ ಒಂದು ಕಾಗದ ಬರೆದಿದ್ದ. ಲಯನಲ್ ಆ ಕಾಗದವನ್ನು ನಲವತ್ತು ಜನರ ಮುಂದೆ ಓದಿದ, ನಿಧಾನವಾಗಿ, ಅಲ್ಲಲ್ಲಿ ನಿಲ್ಲಿಸಿ. ಓದಿ ಮುಗಿಸಿ, ವಿಳಾಸ ಓದುವುದು ಬೇರೆ, ಕಬ್ಬಿಣ ಓದುವುದು ಬೇರೆ ಅಂದ. ಸಭೆ ನಕ್ಕಿತು. ಡಾಕ್ರೆಯೂ ಸ್ವಲ್ಪ ನಕ್ಕ, ಟೋಪಿ ಹಾಕಿಕೊಂಡು ಎದ್ದು ಹೋದ, ಮತ್ತೆ ಯಾವ ಬುಧವಾರವೂ ಬರಲಿಲ್ಲ. ಎರಡು ವರ್ಷಕ್ಕೆ ಸತ್ತ. ಆ ಮಾತು ತುಂಬ ಚೆನ್ನಾಗಿ ಬಂತು ಅಂತ ಲಯನಲ್ ಆಗ ಅಂದುಕೊಂಡಿದ್ದ. ಆವತ್ತು ಸಂಜೆ ವಿನಿಫ್ರೆಡ್‌ಗೂ ಹೇಳಿ ತೋರಿಸಿದ್ದ, ದನಿಯ ಏರಿಳಿತದ ಸಮೇತ.

"ಡಾಕ್ರೆ ಕಾಗದ ನಾನು ಓದಿದಾಗ ನೀನು ಅಲ್ಲೇ ಇದ್ದೆ" ಅಂದ. ಈನಾಕನನ್ನು ಅವನು ಏಕವಚನದಲ್ಲೇ ಕರೆಯುತ್ತಿದ್ದ, ಅದರ ಬಗ್ಗೆ ಯಾವತ್ತೂ ಯೋಚನೆ ಮಾಡಿರಲಿಲ್ಲ. "ಬಾಯಿ ಬಿಡಬಾರದಿತ್ತಾ?"

"ಬಿಡಬೇಕಿತ್ತು." ಈನಾಕ್ ದಿಮ್ಮಿಯ ಮೇಲೆ ಕೂತ. "ನಾನೂ ನಕ್ಕೆ. ಎಲ್ರೂ ನಗ್ತಿದ್ರು, ನಾನೂ ನಕ್ಕುಬಿಟ್ಟೆ. ವಿಲ್ಫ್ ನನ್ನ ಕಡೆ ತಿರುಗಿ ನೋಡ್ದ. ಆಮೇಲೆ ಅವನ ಮನೆಗೆ ಹೋಗಿದ್ದೆ. ಬಾಗ್ಲು ತೆಗೀಲಿಲ್ಲ."

"ನನಗೆ ಹೇಳಬಹುದಿತ್ತು. ಎಷ್ಟು ಬುಧವಾರ ಆಗಿದೆ."

"ನೀವು ಕೇಳ್ಲಿಲ್ಲ ಸಾರ್." ಈನಾಕನ ದನಿಯಲ್ಲಿ ಕೋಪವಿರಲಿಲ್ಲ, ಅದೇ ಇನ್ನೂ ಕೆಟ್ಟದ್ದು. "ಇಷ್ಟು ವರ್ಷದಲ್ಲಿ ನೀವು ನನ್ನ ಕೇಳಿರೋದು ಒಂದೇ ಪ್ರಶ್ನೆ. ಹಾಲು ಎಲ್ಲಿಟ್ಟಿದ್ದೀಯ ಅಂತ."

ಈನಾಕ್ ಎರಡನೆಯ ಕುರ್ಚಿಯನ್ನೂ ಬಿಚ್ಚಿದ. ಅದರ ಕೆಳಗೆ ಕುರಿಯ ತಲೆಯ ಇನ್ನರ್ಧ ಇತ್ತು. ಲಯನಲ್ ಎರಡು ತುಂಡನ್ನೂ ಮಡಚಿ ಕೋಟಿನ ಜೇಬಿಗೆ ತುರುಕಿಕೊಂಡ. ಯಾಕೆ ಅಂತ ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. ಹೇಳಿಬಿಡಬೇಕು ಅಂತ ನಿರ್ಧಾರ ಮಾಡಿದ. ಹೆಂಗಸು ಬಂದ ತಕ್ಷಣ ನೇರವಾಗಿ ಹೇಳಿಬಿಡುವುದು. ಮನಸ್ಸಿನಲ್ಲೇ ವಾಕ್ಯಗಳನ್ನು ಜೋಡಿಸಿದ. ಅವು ಸೊಗಸಾಗಿಯೇ ಜೋಡಣೆಯಾದವು. ಇತಿಹಾಸದ ಗಂಧಗಾಳಿ ಇಲ್ಲದವರ ಕೈಗೆ ಹಳಿ ಸಿಕ್ಕರೆ ಏನಾಗುತ್ತದೆ ಅನ್ನುವುದಕ್ಕೆ ಇದು ಉದಾಹರಣೆ, ಮೇಡಂ. ಅಲಂಕಾರದ ಹುಚ್ಚಿಗೆ ಪುರಾವೆಯನ್ನೇ ಹಾಳು ಮಾಡಿದ್ದಾರೆ, ಮೇಡಂ. ಪ್ರತಿ ವಾಕ್ಯದಲ್ಲೂ ತಪ್ಪು ಬೇರೆಯವರದು. ನಾಲ್ಕನೇ ವಾಕ್ಯಕ್ಕೆ ಬಂದಾಗ ಮಾತ್ರ, ಹಾಗಾದರೆ ನೀವು ಇಪ್ಪತ್ತೇಳು ವರ್ಷ ಏನು ನೋಡುತ್ತಿದ್ದಿರಿ ಅನ್ನುವ ಪ್ರಶ್ನೆ ಎದುರಿಗೆ ನಿಲ್ಲುತ್ತಿತ್ತು. ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದ.

ಗಾಡಿ ಬಂತು. ಇಳಿದವಳು ಮೂವತ್ತೈದರ ಹೆಂಗಸು, ಕಾಲಿಗೆ ಬಿಳಿ ಬೂಟು. ಜಲ್ಲಿಯ ಮೇಲೆ ಬಿಳಿ ಬೂಟು ಹಾಕಿ ಬರುವವಳಿಗೆ ಎಷ್ಟು ತಿಳಿದಿರಬಹುದು ಅಂತ ಲಯನಲ್ ತಿರಸ್ಕಾರ ತಂದುಕೊಂಡ, ಅದರಿಂದ ಸ್ವಲ್ಪ ಧೈರ್ಯ ಬಂತು. ಅವಳು ಕೈ ಕುಲುಕಿದಳು. ಥಂಡಿ ಅಂದಳು. ಬಿಚ್ಚಿಟ್ಟ ಎರಡು ಕುರ್ಚಿಗಳ ಮುಂದೆ ಕುಕ್ಕರಗಾಲಲ್ಲಿ ಕೂತು ವರ್ಷದ ಮೇಲೆ ಬೆರಳಾಡಿಸಿದಳು. ಬೂಟು ಕೊಳೆಯಾದದ್ದನ್ನು ಲೆಕ್ಕಿಸಲಿಲ್ಲ. ಈನಾಕ್ ಸ್ಪ್ಯಾನರು ಒರೆಸುತ್ತ ಎರಡು ಹೆಜ್ಜೆ ದೂರ ನಿಂತಿದ್ದ.

"ನಿಮ್ಮ ಪುಸ್ತಕ ಪೂರ್ತಿ ಓದಿದೆ" ಅಂದಳು. ಪೂರ್ತಿ ಓದಿದ ಮೊದಲನೆಯವಳು ಲಯನಲ್‌ಗೆ ಸಿಕ್ಕಿದ್ದಳು, ಇವತ್ತು. "ಒಂದೇ ಒಂದು ಅನುಮಾನ. ಅಲ್ಲಿ ಕುರ್ಚಿಗಳ ವರ್ಷ ಇದೆ, ಜಾಗ ಇದೆ. ಆದ್ರೆ ಇವನ್ನ ಯಾರೂ ಆಮೇಲೆ ತಂದು ಹಾಕಿಲ್ಲ ಅನ್ನೋದಕ್ಕೆ ಏನು ಆಧಾರ? ನಮ್ಮ ಕಮಿಟೀಲಿ ಅದನ್ನೇ ಕೇಳ್ತಾರೆ."

ಲಯನಲ್ ಬಾಯಿ ತೆರೆದ. ಜೇಬಿನಲ್ಲಿದ್ದ ಕೈಗೆ ಪ್ಲಾಸ್ಟಿಕ್ಕು ಪರಪರ ಅಂದಿತು, ಅವಳಿಗೂ ಕೇಳಿಸಿತೇನೋ. ಜೋಡಿಸಿಟ್ಟಿದ್ದ ವಾಕ್ಯಗಳಲ್ಲಿ ಒಂದೂ ಬರಲಿಲ್ಲ. ಇಲ್ಲ ಅನ್ನುವ ಒಂದು ಪದ ಸಾಕಿತ್ತು. ಆ ಪದದ ಆಚೆ ಏನಿದೆ ಅಂತ ಅವನಿಗೆ ಕಾಣುತ್ತಿತ್ತು. ಅಂಗಡಿಯಿಂದ ಪುಸ್ತಕ ತೆಗೆಯುತ್ತಾರೆ. ಡಂಕನ್ ಬೆನ್ನು ತಟ್ಟಿ ಸಮಾಧಾನ ಹೇಳುತ್ತಾನೆ. ವಿನಿಫ್ರೆಡ್, ಹೋಗ್ಲಿ ಬಿಡು, ಊಟ ಮಾಡು ಅನ್ನುತ್ತಾಳೆ. ಹೆಂಗಸು ಕಾಯುತ್ತಿದ್ದಳು, ಮೊದಲು ನಗುತ್ತ, ಆಮೇಲೆ ನಗು ಕಡಿಮೆ ಮಾಡಿಕೊಂಡು.

"ಆಧಾರ ನಾನೇ ಕಣಮ್ಮ" ಅಂದ ಈನಾಕ್.

ಅವಳು ತಿರುಗಿದಳು.

"ಹಾಕಿದ್ದು ನಮ್ಮ ಮುತ್ತಜ್ಜ. ಜೇಬೆಜ್ ಸಗ್ಡನ್ ಅಂತ. ಅಜ್ಜ ಹೇಳ್ತಿದ್ದ, ದಾರಿ ತೆರೆಯೋಕೆ ನಾಲ್ಕು ದಿನ ಉಳಿದಿತ್ತಂತೆ, ಜಡಿಮಳೆ. ಈ ಕೊನೇ ಒಂಬತ್ತು ಮಾತ್ರ ಬಾಕಿ. ಯಜಮಾನ ಅಲ್ಲಿ ಛತ್ರಿ ಹಿಡ್ಕೊಂಡು ನಿಂತು ಅಮ್ಮ ಅಕ್ಕ ಅಂತ ಬೈತಿದ್ದನಂತೆ. ಮೂರನೇ ಕುರ್ಚಿ ಹಾಕೋವಾಗ ಮುತ್ತಜ್ಜನ ಹೆಬ್ಬೆರಳು ಸಿಕ್ಕಿಹಾಕ್ಕೊಂತು. ಉಗುರು ಹೋಯ್ತು, ಮತ್ತೆ ಬೆಳೀಲೇ ಇಲ್ಲ. ನಾನು ಇಷ್ಟುದ್ದ ಇದ್ದಾಗ ನಮ್ಮಪ್ಪ ಕರ್ಕೊಂಡ್ಬಂದು ತೋರಿಸ್ದ, ಇಗೋ, ನಿಮ್ಮ ಮುತ್ತಜ್ಜನ ಉಗುರು ಇದರಡೀಲಿದೆ ಅಂತ. ಆಮೇಲೆ ನಮ್ಮಜ್ಜ ಇದನ್ನ ನೋಡ್ಕೊಂಡ, ನಮ್ಮಪ್ಪ ನೋಡ್ಕೊಂಡ, ನಾನು ನೋಡ್ಕೊಂಡೆ. ಬೆಣೆ ಬದಲಾಯಿಸಿದ್ದೀವಿ, ದಿಮ್ಮಿ ಬದಲಾಯಿಸಿದ್ದೀವಿ. ಕುರ್ಚಿ ಎತ್ತಿ ಮತ್ತೆ ಅಲ್ಲೇ ಇಟ್ಟಿದ್ದೀವಿ. ನಾವಿರೋ ತನಕ ಯಾರಾದ್ರೂ ಇದನ್ನ ಆಚೆ ಈಚೆ ಮಾಡೋಕೆ ಬಿಡ್ತೀವಾ?"

ಲಯನಲ್ ಕೇಳುತ್ತ ನಿಂತ. ಮರದ ದಿಮ್ಮಿ ಇಷ್ಟು ವರ್ಷ ಹೇಗೆ ಉಳಿಯಿತು ಅನ್ನುವ ಪ್ರಶ್ನೆಗೆ ಕೂಡ ಮುದುಕ ಮೊದಲೇ ಉತ್ತರ ಕೊಟ್ಟಿದ್ದ. ಪುಸ್ತಕದ ನಲವತ್ತನಾಲ್ಕು ಪುಟದಲ್ಲಿ ಇಲ್ಲದ ಮಳೆ, ಇಲ್ಲದ ಛತ್ರಿ, ಇಲ್ಲದ ಹೆಬ್ಬೆರಳು. ಹೊಟ್ಟೆಕಿಚ್ಚಾಯಿತು. ಅದಕ್ಕಿಂತ ಹೆಚ್ಚಾಗಿ, ಎದೆಯ ಮೇಲಿನ ಕಲ್ಲು ಇಳಿದ ಹಾಗೆ ಆಯಿತು, ಆ ಹಗುರವೇ ಅವನಿಗೆ ನಾಚಿಕೆ ತಂದಿತು. ಹೆಂಗಸು ನೋಟ್‌ಬುಕ್ ತೆಗೆದು ಬರಬರನೆ ಬರೆಯುತ್ತಿದ್ದಳು. ಯಾವ ಕೈಯ ಹೆಬ್ಬೆರಳು ಅಂತ ಕೇಳಿದಳು. ಎಡಗೈ ಅಂದ ಈನಾಕ್, ಒಂದು ಕ್ಷಣವೂ ತಡವರಿಸದೆ.

"ನಮಗೆ ಬೇಕಿದ್ದು ಇದೇ" ಅಂದಳು ಅವಳು. ಥಂಡಿಯನ್ನು ಮರೆತಿದ್ದಳು. "ಬರೀ ಕಬ್ಬಿಣ ಇಟ್ರೆ ಯಾರೂ ನಿಂತು ನೋಡಲ್ಲ. ಮಿಸ್ಟರ್ ಥ್ವೇಟ್ಸ್, ಇದನ್ನ ನೀವು ಪುಸ್ತಕದಲ್ಲಿ ಯಾಕೆ ಹಾಕ್ಲಿಲ್ಲ?"

"ಬಾಯಿಮಾತು" ಅಂದ ಲಯನಲ್.

ಅವಳು ಅಲ್ಲೇ, ಕುರ್ಚಿಯ ಮೇಲೆ ನೋಟ್‌ಬುಕ್ ಇಟ್ಟುಕೊಂಡು ಚೀಟಿಯ ಮಾತುಗಳನ್ನು ಬರೆದಳು, ಓದಿ ಹೇಳಿದಳು. 1868ರಲ್ಲಿ ಜೇಬೆಜ್ ಸಗ್ಡನ್ ಹಾಕಿದ ಕುರ್ಚಿಗಳು. ಹಾಕುವಾಗ ಅವನು ಎಡಗೈಯ ಉಗುರು ಕಳೆದುಕೊಂಡ. ನಾಲ್ಕು ತಲೆಮಾರು ಇವನ್ನು ಕಾಪಾಡಿದ ಮನೆತನದ ಈನಾಕ್ ಸಗ್ಡನ್ ಹೇಳಿದಂತೆ. ಬೆರಳಿಂದ ಪದಗಳನ್ನು ಎಣಿಸಿದಳು. ಮುಖ ಚಿಕ್ಕದು ಮಾಡಿಕೊಂಡಳು. "ಚೀಟಿ ಚಿಕ್ಕದು. ನಿಮ್ಮ ಹೆಸರು ಹಾಕೋಕೆ ಜಾಗ ಉಳೀತಿಲ್ಲ. ಬೇಜಾರಿಲ್ಲ ತಾನೆ?"

ಈನಾಕ್ ತಲೆ ಎತ್ತಿದ. ಇದು ಅವನು ಎಣಿಸಿದ್ದಲ್ಲ ಅಂತ ಅವನ ಮುಖದಲ್ಲಿತ್ತು. "ಅಯ್ಯೋ, ಅವರ ಹೆಸರು ಹಾಕಮ್ಮ, ಕಂಡುಹಿಡಿದೋರು ಅವ್ರು" ಅಂದ.

"ಬೇಜಾರಿಲ್ಲ" ಅಂದ ಲಯನಲ್. ಬೇರೆ ಏನು ಹೇಳಬಹುದಿತ್ತು? ಆ ಮುತ್ತಜ್ಜನನ್ನು ಅಲ್ಲಗಳೆದರೆ ಜೇಬಿನಲ್ಲಿದ್ದ ಕುರಿ ಹೊರಗೆ ಬರಬೇಕಿತ್ತು.

"ನಿಮ್ಮ ಸಹಿಯಂತೂ ಬೇಕೇ ಬೇಕು" ಅಂತ ಅವಳು ಒಂದು ಫಾರಮ್ಮು ಮುಂದೆ ಮಾಡಿದಳು. "ಸ್ಥಳೀಯ ಪರಿಣತರು ಇವರ ಹೇಳಿಕೆಯನ್ನ ಪರಿಶೀಲಿಸಿ ಒಪ್ಪಿದ್ದಾರೆ ಅಂತ. ಫೈಲಿಗೆ." ಲಯನಲ್ ನಕ್ಷೆಗಾರನ ಕೈಬರಹದಲ್ಲಿ, ಎರಡು ಅಕ್ಷರದ ನಡುವೆ ಸಮನಾದ ಜಾಗ ಬಿಟ್ಟು ಸಹಿ ಮಾಡಿದ. ಅವಳು ಈನಾಕನನ್ನು ಕುರ್ಚಿಯ ಪಕ್ಕ ನಿಲ್ಲಿಸಿ ಎಡಗೈ ಹೆಬ್ಬೆರಳು ಎತ್ತಿಸಿ ಫೋಟೋ ತೆಗೆದಳು. ಫೋಟೋದಲ್ಲಿ ಹಿಂದೆ ಟೈ ಕಟ್ಟಿದವರು ಒಬ್ಬರು ಬರುತ್ತಿದ್ದಾರೆ ಅಂತ, ಸ್ವಲ್ಪ ಪಕ್ಕಕ್ಕೆ ಬರ್ತೀರಾ ಅಂದಳು. ಲಯನಲ್ ಪಕ್ಕಕ್ಕೆ ಹೋದ.

ಮಧ್ಯಾಹ್ನದ ಗಾಡಿಗೆ ಅವಳು ಹೊರಟಳು. ಎರಡು ಕುರ್ಚಿಯನ್ನು ಕಂಬಳಿಯಲ್ಲಿ ಸುತ್ತಿ ಗಾರ್ಡಿನ ಡಬ್ಬಿಗೆ ಹಾಕಿದರು. ಪ್ಲಾಟ್‌ಫಾರಂ ಖಾಲಿಯಾದ ಮೇಲೆ ಲಯನಲ್ ಕೇಳಿದ. "ಜೇಬೆಜ್ ಅನ್ನೋನು ಇದ್ದನಾ?"

"ಇದ್ದ. ಕಟುಕರ ಅಂಗಡೀಲಿ. ರೈಲು ಕಂಡ್ರೇ ಆಗ್ತಿರ್ಲಿಲ್ವಂತೆ, ಕುರಿ ಎಲ್ಲ ಪೇಟೆಗೆ ಸಾಗಿಸಿಬಿಡ್ತು ಅಂತ."

"ಮತ್ತೆ ಯಾಕೆ ಹೇಳ್ದೆ? ನನ್ನ ಕಂಡ್ರೆ ನಿಮಗ್ಯಾರಿಗೂ ಆಗಲ್ಲ. ನನಗೇನು ಗೊತ್ತಿಲ್ವಾ."

ಈನಾಕ್ ಸ್ಪ್ಯಾನರನ್ನು ಹೆಗಲಿಗೆ ಹಾಕಿಕೊಂಡ. "ಆಗಲ್ಲ" ಅಂದ. "ಆದ್ರೂ ನೀವು ಹಂಗೆ ಬಾಯಿ ತೆರಕೊಂಡು ನಿಂತಿದ್ದು ನೋಡೋಕಾಗ್ಲಿಲ್ಲ. ನಾಯಿ ನಿಂತ್ರೂ ನೋಡೋಕಾಗಲ್ಲ."

ಲಯನಲ್ ಅವನನ್ನು ತಿರಸ್ಕಾರದಿಂದ ನೋಡಲು ಪ್ರಯತ್ನಪಟ್ಟ. ಇಷ್ಟು ವರ್ಷದ ರೂಢಿ, ಕರೆದರೆ ಬರಬೇಕಿತ್ತು. ಮುದುಕನ ಮೂಗಿನ ತುದಿಯ ಹನಿ ಕಂಡಿತು, ಬನಿಯನ್ನಿನ ತೂತು ಕಂಡಿತು, ಎಲ್ಲ ಸಾಮಗ್ರಿಯೂ ಇತ್ತು, ತಿರಸ್ಕಾರ ಮಾತ್ರ ಬರಲಿಲ್ಲ. ಅದು ಬೇರೆ ಕಡೆ ಹೋಗಿ, ಟೈ ಕಟ್ಟಿದವನ ಮೇಲೆ ಕೂತಿತ್ತು.

"ಎರಡು ಜಾಗ ಖಾಲಿ ಬಿದ್ದಿದೆ" ಅಂದ ಈನಾಕ್, ಹಳಿಯ ಕಡೆ ನೋಡುತ್ತ. "ಶೆಡ್ಡಲ್ಲಿ ಅದೇ ಕಂಪನೀದು ಎರಡಿವೆ, ಸಾವಿರದ ಎಂಟುನೂರ ಎಪ್ಪತ್ತರದ್ದು. ಅಕ್ಷರ ಚೆನ್ನಾಗಿ ಉಳಿದಿದೆ. ಇಲ್ಲ ಅಂದ್ರೆ ಸೇತುವೆ ಆಚೆಯಿಂದ ಯಾವುದಾದ್ರೂ ಹೊಸದು ತಂದು ಹಾಕ್ತೀನಿ. ನೀವು ಹೇಳ್ದಂಗೆ."

ಇಬ್ಬರೂ ಶೆಡ್ಡಿಗೆ ಹೋದರು. ಲಯನಲ್ ಬಗ್ಗಿ, ಕುರ್ಚಿಯ ಒಂದು ಬದಿಗೆ ಕೈಹಾಕಿ ಎತ್ತಿದ. ಇಷ್ಟು ವರ್ಷ ಓದಿದ್ದನೇ ಹೊರತು ಒಂದನ್ನೂ ಎತ್ತಿರಲಿಲ್ಲ, ಇಷ್ಟು ಭಾರ ಅಂತ ಗೊತ್ತಿರಲಿಲ್ಲ. "ವರ್ಷ ಪ್ಲಾಟ್‌ಫಾರಂ ಕಡೆ ಕಾಣೋ ಹಾಗೆ ಹಾಕೋಣ" ಅಂದ.